ನೀವು ಕೇಳಿದ್ದು: ಲೇಖಕರನ್ನು ಕರೆಸುವುದು, ಕೂಡಿ ಓದುವುದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾಹಿತ್ಯ ಸಂಘ, ಓದು ಬಳಗ ನಡೆಸುವವರವು. ಒಂದೇ ನಮೂನೆಯ ಪ್ರಶ್ನೆಗಳನ್ನು ಕೂಡಿಸಿ, ಪತ್ರಗಳನ್ನು ಮೊಟಕು ಮಾಡಿ ಕೊಟ್ಟಿದ್ದೇವೆ. ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಗೋಕಾಕದಿಂದ: ತಿಂಗಳಿಗೊಮ್ಮೆ ಒಬ್ಬ ಲೇಖಕರನ್ನು ಕರೆಸುತ್ತೇವೆ. ಕಾರ್ಡಿನಲ್ಲಿ ಐದೂವರೆ ಅಂತ ಹಾಕಿದರೆ ದೀಪ ಹಚ್ಚುವಾಗ ಆರೂಮುಕ್ಕಾಲು. ಲೇಖಕರ ಪಾಳಿ ಬರುವ ಹೊತ್ತಿಗೆ ಎಂಟು. ಅಷ್ಟೊತ್ತಿಗೆ ಮುಂದಿನ ಎರಡು ಸಾಲು ಬಿಟ್ಟರೆ ಕುರ್ಚಿ ಖಾಲಿ. ಎಲ್ಲಿ ತಪ್ಪುತ್ತಿದ್ದೇವೆ?

ಹೋದ ತಿಂಗಳ ಕಾರ್ಡು ತೆಗೆದು ಎಣಿಸಿ ನೋಡಿ. ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಅತಿಥಿಗಳ ಪರಿಚಯ, ಸನ್ಮಾನ, ಇಬ್ಬರು ಮುಖ್ಯ ಅತಿಥಿಗಳ ನುಡಿ. ಉಪನ್ಯಾಸಕ್ಕೆ ಮುಂಚೆ ಎಂಟು ಬಾಬು. ಒಂದೊಂದಕ್ಕೆ ಎಂಟು ನಿಮಿಷ ಹಿಡಿದರೂ ಒಂದು ತಾಸಿನ ಮೇಲೆ ನಾಲ್ಕು ನಿಮಿಷ ಹೋಯಿತು. ನಾಡಗೀತೆಗೆ ಸರ್ಕಾರ 2022ರಲ್ಲಿ ಎರಡೂವರೆ ನಿಮಿಷ ಎಂದು ಗೊತ್ತು ಮಾಡಿದೆ. ಸ್ವಾಗತ ಭಾಷಣಕ್ಕೆ ಹಾಗೆ ಯಾರೂ ಗೊತ್ತು ಮಾಡಿಲ್ಲ, ಅದೇ ತೊಂದರೆ.

ಚಹಾವನ್ನು ಕೊನೆಗೆ ಇಡಬೇಡಿ, ಮೊದಲಿಗೆ ಇಡಿ. ಐದೂಕಾಲಿನಿಂದ ಐದೂ ನಲವತ್ತರವರೆಗೆ ಚಹಾ, ಆಮೇಲೆ ಕಿಟ್ಲಿ ಒಳಗೆ. ಎರಡು ತಿಂಗಳು ಹೀಗೆ ನಡೆಸಿದರೆ ಜನ ತಾವಾಗಿ ಹೊತ್ತಿಗೆ ಬರುತ್ತಾರೆ. ಐದೂ ನಲವತ್ತಕ್ಕೆ ಸರಿಯಾಗಿ ಒಬ್ಬರೇ ಎದ್ದು, ಸ್ವಾಗತವನ್ನೂ ಪರಿಚಯವನ್ನೂ ಸೇರಿಸಿ ಐದು ನಿಮಿಷದೊಳಗೆ ಮುಗಿಸಬೇಕು. ಅವರು ಪುಸ್ತಕ ಓದಿದವರಾಗಿರಬೇಕು. ಲೇಖಕರು ಕಳಿಸಿದ ಎರಡು ಪುಟದ ಸ್ವವಿವರವನ್ನು, ಬಂದ ಪ್ರಶಸ್ತಿಗಳ ಯಾದಿ ಸಮೇತ ಓದುವುದು ಪರಿಚಯವಲ್ಲ. ಅಲ್ಲಿಂದ ಆರೂ ಇಪ್ಪತ್ತರವರೆಗೆ ಲೇಖಕರ ಮಾತು. ಅದರ ನಡುವೆ ಅವರ ಬಾಯಿಂದಲೇ ಎರಡು ಕಡೆ ಐದೈದು ನಿಮಿಷ ಓದಿಸಿ, ಯಾವ ಪುಟ ಅನ್ನುವುದನ್ನು ಹಿಂದಿನ ದಿನವೇ ಫೋನಿನಲ್ಲಿ ನಿಕ್ಕಿ ಮಾಡಿಕೊಳ್ಳಿ. ಆರೂ ಐವತ್ತೈದರವರೆಗೆ ಪ್ರಶ್ನೆ. ಎರಡು ನಿಮಿಷದ ವಂದನೆ, ಒಂದು ಶಾಲು, ಒಂದು ಪುಸ್ತಕ. ಏಳಕ್ಕೆ ಎಲ್ಲ ಮುಗಿದು, ಸಹಿ ಹಾಕಿಸಿಕೊಳ್ಳುವವರು ಮೇಜಿನ ಹತ್ತಿರ ನಿಂತಿರುತ್ತಾರೆ.

ಊರ ಹಿರಿಯರನ್ನು ವೇದಿಕೆಗೆ ಕರೆಯದಿದ್ದರೆ ಸಿಟ್ಟಾಗುತ್ತಾರಲ್ಲ ಅನ್ನುತ್ತೀರಿ. ವೇದಿಕೆಯನ್ನೇ ತೆಗೆದುಬಿಡಿ. ನೆಲದ ಮಟ್ಟದಲ್ಲಿ ಎರಡು ಕುರ್ಚಿ, ಒಂದು ಸಣ್ಣ ಮೇಜು, ಒಂದು ತಂಬಿಗೆ ನೀರು ಸಾಕು. ಯಾರೂ ಮೇಲೆ ಕೂತಿಲ್ಲ ಎಂದಾಗ ಯಾರೂ ಕೆಳಗೆ ಕೂತ ಹಾಗಾಗುವುದಿಲ್ಲ. ಹಿರಿಯರಿಗೆ ಮೊದಲ ಸಾಲು ಕೊಟ್ಟು, ಶಾಲು ಹೊದಿಸುವ ಕೆಲಸ ಒಪ್ಪಿಸಿ. ಕಾರ್ಡಿನಲ್ಲಿ ಲೇಖಕರದು, ಅವರನ್ನು ಪ್ರಶ್ನೆ ಕೇಳಿ ಮಾತಾಡಿಸುವವರದು, ಎರಡೇ ಹೆಸರು ಇರಲಿ. ಹನ್ನೆರಡು ಹೆಸರು ಹಾಕಿದಿರೋ, ಹದಿಮೂರನೆಯವರು ವರ್ಷಗಟ್ಟಲೆ ಮಾತು ಬಿಡುತ್ತಾರೆ.

ಮಾತಾಡಿಸುವವರು ಪುಸ್ತಕವನ್ನು ಎರಡು ಸಲ ಓದಿರಬೇಕು. ಎಂಟು ಪ್ರಶ್ನೆ ಬರೆದಿಟ್ಟುಕೊಂಡರೆ ಐದು ಖರ್ಚಾಗುತ್ತವೆ. "ನಿಮಗೆ ಬರೆಯಲು ಪ್ರೇರಣೆ ಏನು" ಅಂತ ಶುರು ಮಾಡಿದರೆ ಲೇಖಕರು ನೂರು ಸಲ ಹೇಳಿದ್ದನ್ನೇ ಹೇಳುತ್ತಾರೆ. ಇಂಥ ಪುಟದಲ್ಲಿ ಈ ಪಾತ್ರ ಉತ್ತರ ಕೊಡದೆ ಎದ್ದು ಹೋಗುತ್ತದಲ್ಲ, ಯಾಕೆ ಎಂದು ಶುರು ಮಾಡಿ, ಮಾತಿನ ದಾರಿಯೇ ಬೇರೆಯಾಗುತ್ತದೆ. ಸಭೆಯ ಪ್ರಶ್ನೆಗಳಿಗೆ ಬಾಗಿಲಲ್ಲೇ ಚೀಟಿ, ಪೆನ್ಸಿಲ್ ಇಡಿ. ಪ್ರಶ್ನೆ ಎಂದು ಎದ್ದು ತಾವೇ ಉಪನ್ಯಾಸ ಕೊಡುವವರು ಪ್ರತಿ ಊರಿನಲ್ಲೂ ಇಬ್ಬರು ಇರುತ್ತಾರೆ. ಮೈಕು ಯಾವಾಗಲೂ ಕಾರ್ಯಕರ್ತರ ಕೈಯಲ್ಲೇ ಇರಲಿ, ಕೇಳುವವರ ಬಾಯಿಯ ಮುಂದೆ ಹಿಡಿಯಲಿ. ಕೈಗೆ ಕೊಟ್ಟರೆ ತಿರುಗಿ ಬರುವುದಿಲ್ಲ.

ಇನ್ನು ಮೈಕಿನ ಬಗ್ಗೆ. ಕುಂಯ್ ಅಂತ ಕೂಗುವುದು ಮೈಕಿನ ದೋಷವಲ್ಲ, ಸ್ಪೀಕರ್ ಡಬ್ಬಿಯಿಂದ ಬಂದ ದನಿಯನ್ನು ಮೈಕು ಮತ್ತೆ ಹಿಡಿದುಕೊಳ್ಳುವುದರಿಂದ. ಡಬ್ಬಿಗಳನ್ನು ಮಾತಾಡುವವರ ಹಿಂದೆ ಇಟ್ಟಿರುತ್ತಾರೆ, ಅದು ತಪ್ಪು. ಅವರಿಗಿಂತ ನಾಲ್ಕು ಹೆಜ್ಜೆ ಮುಂದೆ, ಎರಡೂ ಗೋಡೆಯ ಬದಿಗೆ, ಮುಖ ಜನರ ಕಡೆಗೆ ಇರಬೇಕು. ಮೈಕು ಬಾಯಿಂದ ನಾಲ್ಕು ಬೆರಳು ದೂರ. ದೂರ ಹಿಡಿದು ವಾಲ್ಯೂಮ್ ಏರಿಸಿದರೆ ಮತ್ತೆ ಕೂಗು. ಕಾರ್ಡ್‌ಲೆಸ್ ಇದ್ದರೆ ಅವತ್ತೇ ಹೊಸ ಸೆಲ್ ಹಾಕಿ, ವೈರಿನ ಮೈಕು ಒಂದು ಮೇಜಿನ ಕೆಳಗಿರಲಿ. ನಾಲ್ಕೂವರೆಗೆ "ಹಲೋ ಹಲೋ, ಚೆಕ್" ಅನ್ನುವ ಬದಲು ಅರ್ಧ ಪುಟ ಓದಿಸಿ, ಕಡೆಯ ಸಾಲಿನಲ್ಲಿ ಕೂತು ಕೇಳಿ. ಖಾಲಿ ಹಾಲಿನಲ್ಲಿ ದನಿ ಗುಂಯ್‌ಗುಡುತ್ತದೆ, ಜನ ತುಂಬಿದ ಮೇಲೆ ಅದು ತಗ್ಗುತ್ತದೆ. ಹೆಸ್ಕಾಂ ಕರೆಂಟು ಹೋದರೆ ಎಂದು ಇನ್ವರ್ಟರ್ ಕೇಳಿಟ್ಟುಕೊಳ್ಳಿ. ಅರವತ್ತು ಜನರೊಳಗಾದರೆ ಫ್ಯಾನ್ ನಿಂತಾಗ ಮೈಕಿಲ್ಲದೆಯೂ ಕೇಳಿಸುತ್ತದೆ.

ಇಳಕಲ್ಲಿನಿಂದ: ನಾವು ಹನ್ನೆರಡು ಮಂದಿ ಹೆಣ್ಣುಮಕ್ಕಳು ಕೂಡಿ ಓದು ಬಳಗ ಮಾಡೀವ್ರಿ. ಬರೋರೆಲ್ಲ ಬರತಾರ, ಆದ್ರ ಪುಸ್ತಕ ಓದಿರೂದಿಲ್ಲ. "ಅಕ್ಕಾರ, ಮಗ್ಗದ ಕೆಲಸದಾಗ ಹೊತ್ತ ಸಿಗಲಿಲ್ಲ" ಅಂತಾರ. ಸಿಟ್ಟಿಗೇಳಾಕೂ ಬರೂದಿಲ್ಲ. ಏನ ಮಾಡೂದ್ರಿ?

ಸಿಟ್ಟಿಗೆ ಏಳಬೇಡಿ, ಪುಟ ಎಣಿಸಿ. 160 ಪುಟದ ಪುಸ್ತಕವೆಂದರೆ ದಿನಕ್ಕೆ ಎಂಟು ಪುಟದಂತೆ ಇಪ್ಪತ್ತು ದಿನ. ತಿಂಗಳಲ್ಲಿ ಹತ್ತು ದಿನ ಮದುವೆ, ಜಾತ್ರೆ, ಮಕ್ಕಳ ಜ್ವರಕ್ಕೆ ಉಳಿಯಿತು. 400 ಪುಟದ ಕಾದಂಬರಿ ಆರಿಸಿದರೆ ಒಂದು ತಿಂಗಳಲ್ಲಿ ಓದುವವರು ಇಬ್ಬರೇ, ಆ ಇಬ್ಬರೇ ಮಾತಾಡುತ್ತಾರೆ, ಮುಂದಿನ ತಿಂಗಳು ಹತ್ತು ಮಂದಿ ಬರುವುದಿಲ್ಲ. ದೊಡ್ಡದೇ ಬೇಕಾದರೆ ಮೂರು ಸಭೆಗೆ ಹಂಚಿ, "ಇಂಥ ಅಧ್ಯಾಯದವರೆಗೆ" ಎಂದು ಗೆರೆ ಎಳೆಯಿರಿ.

ಮಗ್ಗದ ಮುಂದೆ ಕೂತವರ ಕೈ ಕಣ್ಣು ಖಾಲಿ ಇರುವುದಿಲ್ಲ. ಮಗ್ಗದ ಸಪ್ಪಳದಲ್ಲಿ ಓದಿದ್ದೂ ಕೇಳಿಸುವುದಿಲ್ಲ. ಆದರೆ ಕಂಡಿಕಿಗೆ ನೂಲು ಸುತ್ತುವವರ ಕಿವಿ ಖಾಲಿ ಇದೆಯಲ್ಲ. ವಾರಕ್ಕೆರಡು ದಿನ ಮುಕ್ಕಾಲು ತಾಸು ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೆಲಸ ಮಾಡುತ್ತ ಕೇಳಲಿ. ಸಾಮಾನ್ಯ ಕಾದಂಬರಿಯ ಅಳತೆಯ (ಡೆಮಿ) ಒಂದು ಪುಟ ಗಟ್ಟಿಯಾಗಿ ಓದಲು ಎರಡು, ಎರಡೂವರೆ ನಿಮಿಷ ಬೇಕು. ಮುಕ್ಕಾಲು ತಾಸಿಗೆ ಹದಿನೆಂಟು, ಇಪ್ಪತ್ತು ಪುಟ ಸಾಗುತ್ತದೆ, ಅಂದರೆ 160 ಪುಟಕ್ಕೆ ಎಂಟೊಂಬತ್ತು ಕೂಟ. ಓದುವವರು ಹದಿನೈದು ನಿಮಿಷಕ್ಕೊಮ್ಮೆ ಬದಲಾಗಬೇಕು, ಇಲ್ಲದಿದ್ದರೆ ದನಿ ಒಂದೇ ಪಟ್ಟಿಗೆ ಬಿದ್ದು ಕೇಳುವವರು ತೂಕಡಿಸುತ್ತಾರೆ.

ಪುಸ್ತಕ ನಿಕ್ಕಿ ಮಾಡುವ ಮುಂಚೆ ಅಂಗಡಿಗೆ ಫೋನು ಮಾಡಿ ಎಷ್ಟು ಪ್ರತಿ ಇವೆ ಎಂದು ಕೇಳಿ. ಕನ್ನಡ ಪುಸ್ತಕಗಳು ಮುದ್ರಣ ಮುಗಿದು ಮತ್ತೆ ಬರಲು ವರ್ಷ ಹಿಡಿಯುವುದುಂಟು. ಹೆಸರು ಘೋಷಿಸಿ ಆಮೇಲೆ ಹುಡುಕಲು ಹೊರಡುವುದೇ ಅರ್ಧ ಬಳಗಗಳು ಮುರಿಯುವ ಜಾಗ. ಹನ್ನೆರಡು ಪ್ರತಿ ಬೇಕಿಲ್ಲ, ಆರು ಕೊಂಡು ಇಬ್ಬರಿಗೊಂದರಂತೆ ಕೊಡಿ: ಮೊದಲ ಹದಿನೈದು ದಿನ ಒಬ್ಬರ ಮನೆ, ಆಮೇಲೆ ಇನ್ನೊಬ್ಬರ ಮನೆ. ಆಗ ದಿನಕ್ಕೆ ಹನ್ನೊಂದು ಪುಟ ಬೀಳುತ್ತದೆ, ಹಾಗಾಗಿ 120 ಪುಟದ ಒಳಗಿನ ಪುಸ್ತಕ ಆರಿಸಿದರೆ ಮೇಲು. ದೂರದಿಂದ ತರಿಸುವುದಾದರೆ ಅಂಚೆ ಇಲಾಖೆ 2025ರ ಮೇ 1ರಿಂದ ಶುರು ಮಾಡಿರುವ ಜ್ಞಾನ ಪೋಸ್ಟ್‌ನಲ್ಲಿ ಐದು ಕಿಲೋವರೆಗೆ ಪುಸ್ತಕದ ಕಟ್ಟು ಕಡಿಮೆ ದರಕ್ಕೆ ಬರುತ್ತದೆ. ನೆಲದ ದಾರಿಯಲ್ಲಿ ಬರುವುದರಿಂದ ದಿನ ಹೆಚ್ಚು ಹಿಡಿಯುತ್ತದೆ, ಅವಸರಕ್ಕಲ್ಲ.

ಸಭೆಯಲ್ಲಿ "ಪುಸ್ತಕ ಹೆಂಗನಿಸಿತು" ಎಂದು ಕೇಳಬೇಡಿ, "ಛಲೋ ಐತಿ" ಎಂದು ಮುಗಿದುಹೋಗುತ್ತದೆ. ಪ್ರತಿಯೊಬ್ಬರೂ ಒಂದು ಪುಟಕ್ಕೆ ದಾರದೆಳೆ ಇಟ್ಟು ತರಬೇಕು, ತಮಗೆ ಸರಿ ಕಾಣದ ಒಂದು ಸಾಲಿಗೆ. ಓದಿ ಮುಗಿಸದವರೂ ಅಷ್ಟನ್ನು ತರಬಲ್ಲರು. ತಕರಾರಿನಿಂದ ಶುರುವಾದ ಮಾತು ಬೇಗ ಕಾವೇರುತ್ತದೆ.

ಮುಧೋಳದಿಂದ: ರನ್ನನ ಊರಿನವರಾಗಿ ಗದಾಯುದ್ಧ ಓದಿಲ್ಲ ಎಂಬ ನಾಚಿಕೆ. ಹತ್ತು ಜನ ಇದ್ದೇವೆ. ಹಳಗನ್ನಡ ಯಾರಿಗೂ ಬರುವುದಿಲ್ಲ. ಪಂಡಿತರು ಸಿಗುವವರೆಗೆ ಕಾಯಬೇಕೆ?

ಕಾಯಬೇಡಿ. ಆದರೆ ಮೊದಲ ಆಶ್ವಾಸದಿಂದ, ಅಂದರೆ ಮೊದಲ ಅಧ್ಯಾಯದಿಂದ, ಶುರು ಮಾಡಲೂಬೇಡಿ. ದೇವರ ಸ್ತುತಿ, ರಾಜನ ಹೊಗಳಿಕೆ ಅಲ್ಲಿವೆ, ಎರಡನೆಯ ವಾರಕ್ಕೆ ಬಳಗ ಅರ್ಧವಾಗುತ್ತದೆ. ಗದ್ಯ ಪದ್ಯ ಬೆರೆತ, ಹತ್ತು ಆಶ್ವಾಸದ ಈ ಚಂಪೂ ಕಾವ್ಯದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಕಂಡು ಅಳುವ ಭಾಗವಿದೆಯಲ್ಲ, ಅಲ್ಲಿಗೆ ನೇರವಾಗಿ ಹೋಗಿ. ಮಹಾಭಾರತದ ಕಥೆ ಎಲ್ಲರಿಗೂ ಗೊತ್ತು, ಭಾಷೆ ತೊಡಕಾದರೂ ದಾರಿ ತಪ್ಪುವುದಿಲ್ಲ. ಅಲ್ಲಿಂದ ಅವನು ಅಡಗುವ ವೈಶಂಪಾಯನ ಸರೋವರಕ್ಕೆ, ಗದೆಯ ಕಾಳಗಕ್ಕೆ. ಮೊದಲ ಆಶ್ವಾಸ ಕೊನೆಗಿರಲಿ.

ಗದ್ಯಾನುವಾದ ಜೊತೆಗಿರುವ ಒಂದೇ ಮುದ್ರಣವನ್ನು ಎಲ್ಲರೂ ಹಿಡಿದಿರಬೇಕು. ಮುದ್ರಣ ಬೇರೆ ಬೇರೆಯಾದರೆ ಪದ್ಯದ ಸಂಖ್ಯೆ, ಪಾಠ ಎರಡೂ ಹೊಂದದೆ ಅರ್ಧ ತಾಸು ಹುಡುಕಾಟಕ್ಕೇ ಹೋಗುತ್ತದೆ. ಒಂದೂವರೆ ತಾಸಿನ ಕೂಟಕ್ಕೆ ಹನ್ನೆರಡು ಪದ್ಯ ಸಾಕು, ಒಂದಕ್ಕೆ ಏಳು ನಿಮಿಷ ಸಿಕ್ಕೀತು. ಮೊದಲು ಒಬ್ಬರು ಇಡೀ ಪದ್ಯವನ್ನು ನಿಲ್ಲಿಸದೆ ಗಟ್ಟಿಯಾಗಿ ಓದಬೇಕು, ಅರ್ಥ ಆಗದಿದ್ದರೂ ಸರಿ. ಇನ್ನೊಬ್ಬರು ಸಂಧಿ ಬಿಡಿಸಿ ಪದ ಪದ ಹೇಳಬೇಕು. ಮೂರನೆಯವರು ಕ್ರಿಯಾಪದ ಎಲ್ಲಿದೆ, ಯಾರು ಮಾಡಿದರು ಎಂದು ಹುಡುಕಬೇಕು. ಆಮೇಲಷ್ಟೇ ಅನುವಾದ ನೋಡುವುದು. ಅನುವಾದವನ್ನು ಮೊದಲೇ ನೋಡಿದರೆ ಕಣ್ಣು ಪದ್ಯಕ್ಕೆ ತಿರುಗಿ ಹೋಗುವುದಿಲ್ಲ. ಕೊನೆಗೆ ಮತ್ತೊಮ್ಮೆ ಇಡೀ ಪದ್ಯ.

ಪದ ಒಡೆದದ್ದು ಸರಿಯೋ ತಪ್ಪೋ ಎಂಬುದಕ್ಕೆ ಪದ್ಯದಲ್ಲೇ ಸಾಕ್ಷಿ ಇದೆ. ಕಂದಪದ್ಯದ ನಾಲ್ಕು ಸಾಲಿನ ಮಾತ್ರೆ 12, 20, 12, 20. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು, ಸೊನ್ನೆ ಇದ್ದರೆ ಎರಡು. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದೇ ಆದಿಪ್ರಾಸ. ಲೆಕ್ಕ ತಪ್ಪಿದರೆ ಎಲ್ಲೋ ಹ್ರಸ್ವ ದೀರ್ಘ ತಪ್ಪಾಗಿ ಓದಿದ್ದೀರಿ, ಪ್ರಾಸ ಹೊಂದದಿದ್ದರೆ ಸಾಲನ್ನೇ ತಪ್ಪು ಕಡೆ ಮುರಿದಿದ್ದೀರಿ. ಹತ್ತು ಜನರಲ್ಲಿ ಒಬ್ಬ ಗಣಿತದ ಮೇಷ್ಟ್ರು ಇದ್ದರೆ ಈ ಕೆಲಸ ಅವರಿಗೇ ಕೊಡಿ, ಖುಷಿಯಿಂದ ಮಾಡುತ್ತಾರೆ.

ಪದಗಳ ಹೆದರಿಕೆ ಅರ್ಧ ಸುಳ್ಳು. ಮೊದಲಿಗೆ ಬಂದ ಪ-ಕಾರವನ್ನು ಹ ಮಾಡಿ ನೋಡಿ: ಪೆಸರ್ ಹೆಸರು, ಪಾಲ್ ಹಾಲು, ಪುಲಿ ಹುಲಿ. ೞ ಕಂಡಲ್ಲಿ ಸದ್ಯಕ್ಕೆ ಳ ಎಂದು ಓದಿಕೊಳ್ಳಿ. "ಕೊಳದೊಳ್" ಎನ್ನುವುದಕ್ಕೆ ಮೈಸೂರಿನವರು ಕೊಳದಲ್ಲಿ ಎಂದು ಅನುವಾದಿಸಿಕೊಳ್ಳಬೇಕು. ನೀವು ದಿನಾ ಅನ್ನುವುದೇ ಕೊಳದೊಳಗ. ಉಳಿದದ್ದಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಒಂದು ಮೇಜಿನ ಮೇಲಿರಲಿ.

ಜಮಖಂಡಿಯಿಂದ: ಪುಸ್ತಕ ಸಿಗುತ್ತಿಲ್ಲ. ಒಂದು ಪ್ರತಿ ಝೆರಾಕ್ಸ್ ಮಾಡಿಸಿ ಹಂಚಬಹುದೆ? ವಾಟ್ಸಾಪಿನಲ್ಲಿ ಪಿಡಿಎಫ್ ಓಡಾಡುತ್ತಿದೆ.

ಇಡೀ ಪುಸ್ತಕ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಮಾನ, ಅವರು ತೀರಿಕೊಂಡ ಮುಂದಿನ ವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಇರುತ್ತದೆ. ವಚನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ವಿಜಯಪುರದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ, ಅವರು ಸ್ವತಃ ಬರೆದದ್ದು 2025ರ ಜನವರಿ 1ರಿಂದ ಮುಕ್ತ. ಆದರೆ ಹೊಸ ಮುದ್ರಣಕ್ಕೆ ಈಗಿನವರು ಬರೆದ ಮುನ್ನುಡಿ, ಟಿಪ್ಪಣಿ, ಅನುವಾದದ ಹಕ್ಕು ಅವರವರದೇ. ಇಲ್ಲಿ ಬಹಳ ಜನ ಎಡವುತ್ತಾರೆ: ವಚನ ಮುಕ್ತ, ಅದರ ಪಕ್ಕದಲ್ಲಿ ಅಚ್ಚಾದ ಇಂದಿನ ವಿದ್ವಾಂಸರ ಅರ್ಥವಿವರಣೆ ಮುಕ್ತವಲ್ಲ. ಹಕ್ಕು ಇರುವ ಪುಸ್ತಕದಿಂದಲೂ ಸಭೆಯಲ್ಲಿ ಹಿತಮಿತವಾಗಿ ಭಾಗಗಳನ್ನು ಗಟ್ಟಿಯಾಗಿ ಓದಲು ಅದೇ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ. ಅಚ್ಚು ಮುಗಿದಿದ್ದರೆ ಪ್ರಕಾಶಕರಿಗೆ ಒಂದು ಕಾಗದ ಬರೆದು ಹನ್ನೆರಡು ಪ್ರತಿಗೆ ಒಪ್ಪಿಗೆ ಕೇಳಿ, ಬಹಳಷ್ಟು ಸಲ "ಮಾಡಿಕೊಳ್ಳಿ" ಅನ್ನುತ್ತಾರೆ. ಆ ಕಾಗದವನ್ನು ಫೈಲಿನಲ್ಲಿಡಿ.

ವಿಜಯಪುರದಿಂದ: ಬೆಂಗಳೂರಿನ ಲೇಖಕರನ್ನು ಕರೆಸಲು ಖರ್ಚಿನ ಅಂದಾಜು ಹೇಗೆ? ಸಂಭಾವನೆಯ ಮಾತು ಎತ್ತಲು ಸಂಕೋಚ.

ಸಂಕೋಚ ಅವರಿಗೂ ಇರುತ್ತದೆ, ಅದಕ್ಕೇ ನೀವು ಮೊದಲು ಹೇಳಬೇಕು. ಮೊದಲ ಫೋನಿನಲ್ಲೇ ಐದು ವಿಷಯ: ತಾರೀಖು, ಯಾವ ಪುಸ್ತಕದ ಮೇಲೆ, ಎಷ್ಟು ಹೊತ್ತು, ರೈಲೋ ಬಸ್ಸೋ, ಸಂಭಾವನೆ ಎಷ್ಟು. ಅದೇ ಐದನ್ನು ಸಂಜೆಗೆ ಮೆಸೇಜಿನಲ್ಲಿ ಬರೆದು ಕಳಿಸಿ. "ನಮ್ಮ ಶಕ್ತ್ಯಾನುಸಾರ" ಎಂಬ ಮಾತು ಬೇಡ.

ಲೆಕ್ಕ ಉದಾಹರಣೆಗೆ ಹೀಗೆ: 40 ಸದಸ್ಯರು, ತಿಂಗಳಿಗೆ 100 ರೂಪಾಯಿ, ಮೂರು ತಿಂಗಳಿಗೊಬ್ಬ ಹೊರಊರಿನ ಲೇಖಕರು ಎಂದರೆ ಕೈಯಲ್ಲಿ 12,000. ಹೋಗಿ ಬರುವ ಟಿಕೀಟು, ಆಟೊಗೆ 3,500. ರೂಮು, ಊಟಕ್ಕೆ 2,000. ಸಂಭಾವನೆ 4,000. ಮೈಕಿಗೆ 1,000, ಚಹಾಕ್ಕೆ 800. ಉಳಿದ 700 ತುರ್ತಿಗೆ. ಹಾರ, ಫ್ಲೆಕ್ಸು, ನೆನಪಿನ ಕಾಣಿಕೆಗೆ ಈ ಲೆಕ್ಕದಲ್ಲಿ ಜಾಗವಿಲ್ಲ, ಬೇಕಂತಲೇ ಇಟ್ಟಿಲ್ಲ. ನಡುವಿನ ಎರಡು ತಿಂಗಳು ಊರಿನವರೇ ಮಾತಾಡಲಿ.

ಬೆಂಗಳೂರಿನಿಂದ ನಿಮ್ಮಲ್ಲಿಗೆ 500 ಕಿ.ಮೀ.ಗೂ ಹೆಚ್ಚು, ಒಂದು ತಾಸಿನ ಮಾತಿಗೆ ಎರಡು ರಾತ್ರಿಯ ಪ್ರಯಾಣ. ಬಾಗಲಕೋಟೆಯ ಬಳಗದವರೊಂದಿಗೆ ಮಾತಾಡಿ ಶನಿವಾರ ಸಂಜೆ ನಿಮ್ಮಲ್ಲಿ, ಭಾನುವಾರ ಬೆಳಿಗ್ಗೆ ಅವರಲ್ಲಿ ಇಟ್ಟುಕೊಂಡರೆ ಪ್ರಯಾಣದ ಖರ್ಚು ಅರ್ಧ. ರಾತ್ರಿ ಗಾಡಿ ಬೆಳಗಿನ ಜಾವ ಮುಟ್ಟುತ್ತದೆ, ಲಾಡ್ಜಿನ ರೂಮು ಹನ್ನೆರಡಕ್ಕೆ ಖಾಲಿಯಾಗುತ್ತದೆ. ಆ ಆರು ತಾಸು ಲೇಖಕರು ರಿಸೆಪ್ಷನ್ನಿನ ಸೋಫಾದಲ್ಲಿ ಕೂತಿರುವುದು ಎಲ್ಲ ಊರಲ್ಲೂ ನಡೆಯುವ ಅನಾಹುತ. ಹಿಂದಿನ ಸಂಜೆಯಿಂದಲೇ ರೂಮು ಹಿಡಿಯಿರಿ, ಅಥವಾ ಸದಸ್ಯರ ಮನೆಯಲ್ಲಿ ಸ್ನಾನ, ನಾಷ್ಟಾ ಆಗಲಿ. ವಯಸ್ಸಾದವರಾದರೆ ನೆಲಮಹಡಿ. ಹಣವನ್ನು ಸಭೆಯ ಮುಂದೆ ಲಕೋಟೆಯಲ್ಲಿ ಕೊಡಬೇಡಿ, ರೂಮಿನಲ್ಲಿ ಕೊಟ್ಟು ವೋಚರಿಗೆ ಸಹಿ ಪಡೆಯಿರಿ. ಹೊರಡುವಾಗ ಅರ್ಧ ಕಿಲೋ ಶೇಂಗಾ ಹಿಂಡಿ (ಚಟ್ನಿಪುಡಿ) ಕಟ್ಟಿಕೊಟ್ಟರೆ ಅದು ಗಾಜಿನ ಫಲಕಕ್ಕಿಂತ ಹೆಚ್ಚು ದಿನ ನೆನಪಿರುತ್ತದೆ.

ಪುಸ್ತಕ ಮಾರಾಟವನ್ನೂ ಕೇಳಿದ್ದೀರಿ. ನಾಲ್ಕೈದು ಜನರಿಗೊಂದು ಪ್ರತಿ ತರಿಸಿ, ಉಳಿದದ್ದು ವಾಪಸ್ ಎಂಬ ಮಾತಿನ ಮೇಲೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಮೇಜು ಬಾಗಿಲ ಬಳಿ, ಚಿಲ್ಲರೆ ನೋಟು, ಕ್ಯೂಆರ್ ಎರಡೂ ಇರಲಿ.

ಬೆಳಗಾವಿ, ಟಿಳಕವಾಡಿಯಿಂದ: ನಮ್ಮ ಗಲ್ಲಿಯಲ್ಲಿ ಮರಾಠಿ ಮಾತಿನ ಅಕ್ಕಂದಿರೂ ಬಳಗಕ್ಕೆ ಬರುತ್ತೇವೆ ಎನ್ನುತ್ತಾರೆ. ಕನ್ನಡ ತಿಳಿಯುತ್ತದೆ, ಓದಲು ಬಾರದು. ಯಾವ ತಿಂಗಳು ಶುರು ಮಾಡುವುದು ಒಳ್ಳೆಯದು?

ಎರಡೂ ಭಾಷೆಯಲ್ಲಿ ಸಿಗುವ ಪುಸ್ತಕ ಆರಿಸಿ. ಬೆಳಗಾವಿಯಲ್ಲೇ ಹುಟ್ಟಿದ ಉಮಾ ಕುಲಕರ್ಣಿ ಅವರು ಭೈರಪ್ಪನವರ ಕಾದಂಬರಿಗಳನ್ನು ಮರಾಠಿಗೆ ತಂದಿದ್ದಾರೆ. ಒಂದೇ ಸನ್ನಿವೇಶವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಎರಡೆರಡು ಪುಟ ಓದಿಸಿ. ಬೈಗುಳ, ಬಂಧುತ್ವದ ಕರೆಗಳು, ಅಡಿಗೆಯ ಹೆಸರು ಹೇಗೆ ಬದಲಾದವು ಎಂಬಲ್ಲೇ ಒಂದು ತಾಸು ಹೋಗುತ್ತದೆ. ಪುಟ ಸಂಖ್ಯೆ ಹೊಂದುವುದಿಲ್ಲ, ಅಧ್ಯಾಯದ ಲೆಕ್ಕ ಹಿಡಿಯಿರಿ. ಮಾತು ಯಾವ ಭಾಷೆಯಲ್ಲಿ ಬಂದರೂ ತಡೆಯಬೇಡಿ. ಟಿಪ್ಪಣಿ ಬರೆಯುವವರು ಮಾತ್ರ ಎರಡೂ ಬಲ್ಲವರಿರಲಿ.

ತಿಂಗಳು: ನವೆಂಬರ್ 1ಕ್ಕೆ ಚನ್ನಮ್ಮ ಸರ್ಕಲ್ಲಿನ ಸುತ್ತ ಗಾಡಿ ಹೋಗುವುದಿಲ್ಲ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ ಶುರುವಾದರೆ ಲಾಡ್ಜು ಸಿಗುವುದಿಲ್ಲ, ಸಿಕ್ಕರೆ ದರ ಕೇಳುವ ಹಾಗಿಲ್ಲ. ಗಣೇಶನ ಹನ್ನೊಂದು ದಿನ ಬಿಡಿ. ಮಾರ್ಚ್ ಪರೀಕ್ಷೆ. ಹೊರಗಿನ ಲೇಖಕರಿಗೆ ಫೆಬ್ರುವರಿ ಮೊದಲ ಪಕ್ಷ ಒಳ್ಳೆಯದು. ಬಳಗಕ್ಕಾದರೆ ಜುಲೈ: ಮಳೆ ಹಿಡಿದು ಎಲ್ಲರೂ ಮನೆಯಲ್ಲೇ ಇರುತ್ತಾರೆ, ನಡೆದು ಬರುವಷ್ಟು ಹತ್ತಿರದ ಮನೆ ಆರಿಸಿ.

ಇಂಡಿಯಿಂದ: ನಾಲ್ಕೇ ಜನ ಇದ್ದೇವೆ. ಸಂಘ ರಿಜಿಸ್ಟರ್ ಮಾಡಿಸಬೇಕೆ?

ನಿಮ್ಮ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಕೂಡಿ ಜನಪದ ಹಾಡು ಕಲೆಹಾಕಿದ ಗೆಳೆಯರ ಗುಂಪಿಗೂ ಬೆರಳೆಣಿಕೆಯ ಜನವೇ ಇದ್ದರು. ನೋಂದಣಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ ಏಳು ಜನ ಬೇಕು. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವ, ಅನುದಾನ ಕೇಳುವ ದಿನ ಬಂದಾಗ ಅದನ್ನು ನೋಡಿಕೊಂಡರಾಯಿತು. ಅಲ್ಲಿಯವರೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು: ಎಡಪುಟದಲ್ಲಿ ತಾರೀಖು, ಬಂದವರು, ಓದಿದ ಪುಟ, ಬಲಪುಟದಲ್ಲಿ ಯಾವ ಪ್ರತಿ ಯಾರ ಮನೆಯಲ್ಲಿದೆ. ಬಲಪುಟವನ್ನು ಪೆನ್ಸಿಲಿನಲ್ಲಿ ಬರೆಯಿರಿ, ಪುಸ್ತಕ ತಿರುಗಿ ಬಂದಾಗ ಅಳಿಸಲು ಬರುತ್ತದೆ.